ಸಕ್ಕರೆ ಅರಮನೆಯ ಚಿತ್ರಗಳು

ದಿ ಹೇಗ್ ನಗರದ ಮಾರಿಟ್ಸ್‌ಹೌಸ್ ಬಗ್ಗೆ ಬರೆಯುವವರು ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ. ಇಲ್ಲಿನ ಚಿತ್ರಗಳು ಮ್ಯೂಸಿಯಂ ಗೋಡೆಗೆ ತೂಗುಹಾಕಿದಂತೆ ಕಾಣುವುದಿಲ್ಲ, ಯಾರದೋ ಮನೆಯ ಪಡಸಾಲೆಯಲ್ಲಿ ಇರುವಂತೆ ಕಾಣುತ್ತವೆ ಎನ್ನುವುದು ಆ ಮಾತು. ಅದರಲ್ಲಿ ನಿಜವಿದೆ. ಹೋಫ್‌ವೈವರ್ ಕೊಳದ ಅಂಚಿನಲ್ಲಿ, ಡಚ್ ಸಂಸತ್ತಿನ ಕಟ್ಟಡಗಳ ಪಕ್ಕದಲ್ಲೇ ನಿಂತ ಈ ಪುಟ್ಟ ಅರಮನೆಗೆ ನಡುವೆ ದೊಡ್ಡ ಮೆಟ್ಟಿಲು, ಸುತ್ತ ಸಾಧಾರಣ ಗಾತ್ರದ ಕೋಣೆಗಳು, ಗೋಡೆಗೆ ರೇಷ್ಮೆಯ ಹೊದಿಕೆ, ಮೇಲೆ ದೀಪಗುಚ್ಛ. ಆ ಗೋಡೆಗಳ ಮೇಲೆ ವರ್ಮೀರ್, ರೆಂಬ್ರಾಂಟ್, ರೂಬೆನ್ಸ್, ಫ್ರಾನ್ಸ್ ಹಾಲ್ಸ್, ಯಾನ್ ಸ್ಟೇನ್. 2012ರಿಂದ 2014ರವರೆಗೆ ನಡೆದ ನವೀಕರಣದ ನಂತರವಂತೂ ಕಟ್ಟಡ ಮತ್ತು ಸಂಗ್ರಹ ಹೇಳಿ ಮಾಡಿಸಿದ ಜೋಡಿ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗಿದೆ. 17ನೇ ಶತಮಾನದ ಮನೆ, 17ನೇ ಶತಮಾನದ ಚಿತ್ರ, ಇನ್ನೇನು ಬೇಕು? ನನ್ನ ತಕರಾರು ಶುರುವಾಗುವುದು ಇಲ್ಲೇ. ಈ ಹೊಂದಿಕೆ ಇತಿಹಾಸ ತಾನಾಗಿ ಕೊಟ್ಟದ್ದಲ್ಲ, ಎರಡು ಶತಮಾನಗಳ ಮ್ಯೂಸಿಯಂ ಕೆಲಸ ಕಟ್ಟಿ ನಿಲ್ಲಿಸಿದ್ದು. ಕಟ್ಟಿದ್ದೆಂಬ ಕಾರಣಕ್ಕೆ ಅದು ಕೆಟ್ಟದ್ದಾಗುವುದಿಲ್ಲ. ಆದರೆ ಅದರ ಒಪ್ಪ ಓರಣದಲ್ಲಿ ಎರಡು ಸಂಗತಿಗಳು ಮರೆಯಾಗುತ್ತವೆ. ಒಂದು, ಡಚ್ ಚಿತ್ರಕಲೆಗೂ ಇಂದಿನ ಬೆಲ್ಜಿಯಂ ಕಡೆಯ ಫ್ಲೆಮಿಶ್ ಚಿತ್ರಕಲೆಗೂ ಇದ್ದ ಕರುಳಿನ ನಂಟು. ಇನ್ನೊಂದು, ಈ ಮನೆ ಯಾರ ದುಡಿಮೆಯ ಮೇಲೆ ಎದ್ದು ನಿಂತಿತೆಂಬುದು. ಸೋಜಿಗವೆಂದರೆ, ಇವೆರಡನ್ನೂ ಬಾಯಿಬಿಟ್ಟು ಹೇಳಬಲ್ಲ ಚಿತ್ರಗಳು ಈ ಮನೆಯೊಳಗೇ ಇವೆ.

ಮೊದಲು ಮನೆಯ ವಿಚಾರ. ನಾಸೌ-ಸೀಗೆನ್ ಮನೆತನದ ಯೋಹಾನ್ ಮಾರಿಟ್ಸ್‌ಗಾಗಿ ಇದರ ನಕ್ಷೆ ಮಾಡಿದವನು ಯಾಕೋಬ್ ವಾನ್ ಕಾಂಪೆನ್, ಕೆಲಸ ನೋಡಿಕೊಂಡವನು ಪೀಟರ್ ಪೋಸ್ಟ್. 1633ರ ಸುಮಾರಿಗೆ ಶುರುವಾದದ್ದು 1644ರ ಹೊತ್ತಿಗೆ ಮುಗಿಯಿತು. ಇಟ್ಟಿಗೆ ಗೋಡೆಗೆ ಅಂಟಿದ ಮರಳುಗಲ್ಲಿನ ಚಪ್ಪಟೆ ಕಂಬಗಳು, ನೆತ್ತಿಯ ಮೇಲೆ ತ್ರಿಕೋನದ ಮುಕುಟ, ಅಳತೆಯಲ್ಲಿ ಒಂದಿಷ್ಟೂ ಅತಿಯಿಲ್ಲ. ಮನೆ ಮೇಲೇಳುತ್ತಿದ್ದ ವರ್ಷಗಳಲ್ಲಿ ಮಾಲೀಕ ಇದ್ದದ್ದು ಬ್ರೆಜಿಲ್‌ನಲ್ಲಿ. 1637ರಿಂದ 1644ರವರೆಗೆ ಅವನು ಅಲ್ಲಿನ ಡಚ್ ವಸಾಹತಿನ ಗವರ್ನರ್. ವೆಸ್ಟ್ ಇಂಡಿಯಾ ಕಂಪನಿಗೆ ಆ ವಸಾಹತು ಬೇಕಾಗಿದ್ದುದು ಸಕ್ಕರೆಗಾಗಿ. ಊರಿನವರು ಈ ಮನೆಯನ್ನು ಸಕ್ಕರೆ ಅರಮನೆ ಎಂದು ಆಡಿಕೊಂಡದ್ದು ಸುಮ್ಮನೆ ಅಲ್ಲ. ಒಳಗಿನ ಗೋಡೆಗಳ ಮೇಲೂ ಆಗ ಇದ್ದದ್ದು ಬ್ರೆಜಿಲ್‌ನ ದೃಶ್ಯಗಳೇ. ಮಾರಿಟ್ಸ್ ಮರಳಿ ಬಂದಾಗ ತನ್ನೊಂದಿಗೆ ಕರೆತಂದ ಅಲ್ಲಿನ ಮೂಲನಿವಾಸಿಗಳು ಈ ಮನೆಯಲ್ಲಿ ಅತಿಥಿಗಳ ಮುಂದೆ ಕುಣಿದದ್ದೂ, ಅವರ ಮೈಮೇಲೆ ಬಟ್ಟೆಯಿಲ್ಲವೆಂದು ಊರಿನ ಮಡಿವಂತರು ಮುಖ ಸಿಂಡರಿಸಿದ್ದೂ ದಾಖಲಾಗಿದೆ. ಅವನು ಇಲ್ಲಿ ಹೆಚ್ಚು ಕಾಲ ಬಾಳಲಿಲ್ಲ. 1647ರಲ್ಲಿ ಕ್ಲೇವ್ಸ್‌ನ ಆಡಳಿತ ವಹಿಸಿಕೊಂಡು ಹೊರಟ. 1704ರಲ್ಲಿ ಬೆಂಕಿ ಬಿದ್ದಾಗ ಉಳಿದದ್ದು ಹೊರಗೋಡೆಗಳು ಮಾತ್ರ. ಇಂದು ನಾವು ಕಾಣುವ ಒಳಾಂಗಣ 18ನೇ ಶತಮಾನದ ಆರಂಭದ್ದು. ಅದರ ಕಿರೀಟವೆನ್ನಬಹುದಾದ ಚಿನ್ನದ ಕೋಣೆಗೆ 1718ರಲ್ಲಿ ಚಿತ್ರ ಬರೆದವನು ವೆನಿಸ್‌ನಿಂದ ಬಂದ ಪೆಲ್ಲೆಗ್ರಿನಿ. ಅಂದರೆ, ಡಚ್ ಕಲೆಯ ಈ ತವರುಮನೆಯಲ್ಲಿ ಮನೆಗೆಂದೇ ಬರೆಸಿ ಉಳಿದಿರುವ ದೊಡ್ಡ ಚಿತ್ರಮಾಲೆ ಇಟಲಿಯವನದು! ವರ್ಮೀರ್, ರೆಂಬ್ರಾಂಟ್ ಇಲ್ಲಿಗೆ ಬಂದವರು 1820ರಲ್ಲಿ ಸರ್ಕಾರ ಕಟ್ಟಡವನ್ನು ಕೊಂಡು, 1822ರಲ್ಲಿ ರಾಜರ ಚಿತ್ರಸಂಗ್ರಹವನ್ನು ಜನರಿಗೆ ತೆರೆದ ಮೇಲೆ. ಆಗಲೂ ಚಿತ್ರಗಳಿಗೆ ದಕ್ಕಿದ್ದು ಮೇಲಿನ ಅಂತಸ್ತು ಮಾತ್ರ. ಕೆಳಗೆ ದೂರದೇಶಗಳ ಕುತೂಹಲದ ವಸ್ತುಗಳ ಸಂಗ್ರಹವಿತ್ತು.

ಇಷ್ಟು ಹೇಳಿದ ಮೇಲೆ ನವೀಕರಣವನ್ನು ಹೊಗಳದೆ ಮುಂದೆ ಹೋಗುವುದು ಅನ್ಯಾಯ. ವಾಸ್ತುಶಿಲ್ಪಿ ಹಾನ್ಸ್ ವಾನ್ ಹೇಸ್ವೈಕ್ ಮಾಡಿದ ಜಾಣ ಕೆಲಸವೆಂದರೆ ಮನೆಗೆ ಕೈ ಹಚ್ಚಿದ್ದಕ್ಕಿಂತ ಹೆಚ್ಚಾಗಿ ನೆಲದಡಿಗೆ ಕೈ ಹಚ್ಚಿದ್ದು. ಈಗ ಪ್ರವೇಶ ಮುಂದಿನ ಅಂಗಳದಿಂದ. ಅಲ್ಲಿಂದ ಮೆಟ್ಟಿಲಿಳಿದು ಅಥವಾ ಗಾಜಿನ ಲಿಫ್ಟಿನಲ್ಲಿ ನೆಲದಡಿಯ ಬೆಳಕಿನ ಹಜಾರಕ್ಕೆ ಹೋಗಬೇಕು. ಆ ಹಜಾರ ಬೀದಿಯಡಿಯಲ್ಲಿ ಚಾಚಿಕೊಂಡು ಎದುರಿನ ಆರ್ಟ್ ಡೆಕೋ ಕಟ್ಟಡವನ್ನು ಮುಟ್ಟುತ್ತದೆ. ಅಂಗಡಿ, ಕಾಫಿ, ಗ್ರಂಥಾಲಯ, ತಾತ್ಕಾಲಿಕ ಪ್ರದರ್ಶನ, ಶಾಲಾ ಮಕ್ಕಳ ಗದ್ದಲ ಎಲ್ಲವೂ ಅತ್ತ ಸರಿದವು, ಮ್ಯೂಸಿಯಂನ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಹಳೆಯ ಮನೆ ಬರಿಯ ಚಿತ್ರಗಳಿಗೆ ಉಳಿಯಿತು. ಇದರ ಲಾಭ ಏನೆಂದು ತಿಳಿಯಬೇಕಾದರೆ ಕಾರೆಲ್ ಫಾಬ್ರಿಟಿಯಸ್‌ನ 'ಗೋಲ್ಡ್‌ಫಿಂಚ್' ಮುಂದೆ ನಿಲ್ಲಬೇಕು. 33.5 ಸೆಂಟಿಮೀಟರ್ ಎತ್ತರ, 22.8 ಸೆಂಟಿಮೀಟರ್ ಅಗಲದ ಹಲಗೆ. 1654ರಲ್ಲಿ ಬರೆದದ್ದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡೆಲ್ಫ್ಟ್ ಊರಿನ ಮದ್ದಿನ ಮನೆ ಸಿಡಿದು ಚಿತ್ರಕಾರ ಸತ್ತ. ಬಿಳಿ ಗಾರೆಯ ಗೋಡೆ, ಅದಕ್ಕೆ ಬಡಿದ ಕಾಳಿನ ಪೆಟ್ಟಿಗೆ, ಅದರ ಕಂಬಿಯ ಮೇಲೆ ಕಾಲಿಗೆ ಸರಪಳಿ ಕಟ್ಟಿಸಿಕೊಂಡ ಹಕ್ಕಿ, ಅಷ್ಟೇ. ರೆಕ್ಕೆಯ ಹಳದಿ ಗೆರೆಯನ್ನು ದಿಟ್ಟವಾಗಿ ಬಣ್ಣ ಎಳೆದು ಬರೆಯಲಾಗಿದೆ. ದೊಡ್ಡ ರಾಷ್ಟ್ರೀಯ ಗ್ಯಾಲರಿಯ ಉದ್ದನೆಯ ಗೋಡೆಯಲ್ಲಿ ಇದು ಅಂಚೆಚೀಟಿಯ ಹಾಗೆ ಕಳೆದುಹೋಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ನೋಡುವವನಿಗೂ ಚಿತ್ರಕ್ಕೂ ನಡುವೆ ಎಷ್ಟು ದೂರ ಇರಬೇಕೆಂದು ಚಿತ್ರಕಾರ ಊಹಿಸಿಕೊಂಡಿದ್ದನೋ ಅಷ್ಟೇ ದೂರವನ್ನು ಈ ಕೋಣೆಗಳು ಕೊಡುತ್ತವೆ.

ಆದರೆ ಆ ಊಹೆ ಎಲ್ಲ ಚಿತ್ರಗಳಿಗೂ ಸಲ್ಲುವುದಿಲ್ಲ. ಪೌಲಸ್ ಪೋಟರ್ 1647ರಲ್ಲಿ ಬರೆದ 'ಗೂಳಿ' ಎರಡೂಕಾಲು ಮೀಟರಿಗೂ ಹೆಚ್ಚು ಎತ್ತರ, ಮೂರೂಕಾಲು ಮೀಟರಿಗೂ ಹೆಚ್ಚು ಅಗಲ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಮೊದಲು ಗೂಳಿಯೊಂದನ್ನೇ ಬರೆಯಲು ಹೊರಟು, ಆಮೇಲೆ ಕ್ಯಾನ್ವಾಸಿಗೆ ತುಂಡು ಸೇರಿಸಿ ಹಿಗ್ಗಿಸಿಕೊಂಡು ಹೋಗಿದ್ದಾನೆ. ನೊಣ ಮುತ್ತಿದ ಬೆನ್ನು, ಹಸಿ ಸಗಣಿ, ಒದ್ದೆ ಮೂಗು ಎಲ್ಲವೂ ನಿಜದ ಗಾತ್ರದಲ್ಲಿ. ಸಾಮಾನ್ಯ ದನವನ್ನು ರಾಜನ ಭಾವಚಿತ್ರದ ಅಳತೆಗೆ ಏರಿಸಿದ ಈ ಉದ್ಧಟತನವೇ ಚಿತ್ರದ ಜೀವಾಳ. ಮಾರಿಟ್ಸ್‌ಹೌಸ್‌ನ ಕೋಣೆಯಲ್ಲಿ ಗೂಳಿ ಗೋಡೆಯನ್ನೇ ನುಂಗಿಬಿಡುತ್ತದೆ. ಅದನ್ನು ಇಲ್ಲಿನ ದೋಷವೆಂದು ಕೆಲವರು ಹೇಳುತ್ತಾರೆ. ನನಗೆ ಅದು ಇಲ್ಲಿನ ಆರೋಗ್ಯದ ಲಕ್ಷಣ. ಮನೆಗೆ ಒಗ್ಗದ ಚಿತ್ರವೊಂದು ಇದ್ದರೆ ಮಿಕ್ಕವೂ ಎಲ್ಲಿಂದಲೋ ಬಂದವು ಎಂಬ ನೆನಪು ಉಳಿಯುತ್ತದೆ. ಗೂಳಿ ಬಂದ ದಾರಿಯೂ ಸರಳವಲ್ಲ. ಆರೆಂಜ್ ರಾಜಮನೆತನ 1749ರಲ್ಲಿ ಕೊಂಡಿತು, 1795ರಲ್ಲಿ ಫ್ರೆಂಚ್ ಸೇನೆ ಪ್ಯಾರಿಸ್ಸಿಗೆ ಹೊತ್ತೊಯ್ದಿತು, ಲೂವ್ರ್‌ನಲ್ಲಿ ಮೆರೆಯಿತು, ವಾಟರ್ಲೂ ಕದನದ ನಂತರ ಮರಳಿತು. ಹೋದದ್ದೆಲ್ಲ ಮರಳಲಿಲ್ಲ.

ಈಗ ಫ್ಲೆಮಿಶ್ ವಿಚಾರಕ್ಕೆ ಬರೋಣ. ಈ ಸಂಗ್ರಹವನ್ನು ಜಗತ್ತು ಗುರುತಿಸುವುದು ಡಚ್ ಸುವರ್ಣಯುಗದ ಭಂಡಾರವೆಂದು. ಪೋಸ್ಟರಿನ ಮೇಲೆ, ಚೀಲದ ಮೇಲೆ, ಚಾಕೊಲೇಟ್ ಡಬ್ಬದ ಮೇಲೆ ವರ್ಮೀರ್‌ನ ಮುತ್ತಿನೋಲೆಯ ಹುಡುಗಿ. ಫ್ಲೆಮಿಶ್ ಚಿತ್ರಗಳು ಊಟದೆಲೆಯ ತುದಿಯ ಉಪ್ಪಿನಕಾಯಿಯಂತೆ, ರುಚಿಗೆ ಬೇಕು, ಹೊಟ್ಟೆ ತುಂಬಿಸುವುದು ಬೇರೆ. ಈ ಪಂಕ್ತಿಭೇದ ಮ್ಯೂಸಿಯಂ ಹುಟ್ಟಿದಾಗ ಇರಲಿಲ್ಲ. 1815ರಿಂದ 1830ರವರೆಗೆ ಇಂದಿನ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಒಂದೇ ರಾಜ್ಯ. 1822ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆ ಒಕ್ಕೂಟದ ರಾಜ ಒಂದನೇ ವಿಲ್ಲೆಮ್‌ನದು. ಬ್ರಸೆಲ್ಸ್‌ನ ರೋಜಿಯರ್ ವಾನ್ ಡರ್ ವೈಡನ್ ಮತ್ತು ಅವನ ಕಾರ್ಖಾನೆಯ ಕೃತಿಯಾದ, ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಸುತ್ತ ಶೋಕಿಸುವವರ ದೊಡ್ಡ ಹಲಗೆ 1827ರಲ್ಲಿ ಇಲ್ಲಿಗೆ ಸೇರಿತು. ಅಂದಿನ ಲೆಕ್ಕದಲ್ಲಿ ಅದು ಪರದೇಶದ ಚಿತ್ರವಲ್ಲ, ರಾಜ್ಯದ ಹಿರಿಯರ ಆಸ್ತಿ. ಮೂರೇ ವರ್ಷಕ್ಕೆ ದಕ್ಷಿಣ ಭಾಗ ದಂಗೆಯೆದ್ದು ಬೇರೆಯಾಯಿತು. ಗಡಿ ಬಂದ ಮೇಲೆ ಚಿತ್ರಕಲೆಯ ಶಾಲೆಗಳೂ ಬೇರೆಬೇರೆಯಾದವು. ರಾಷ್ಟ್ರಕ್ಕೊಂದು ಕಲೆ ಬೇಕಿದ್ದ 19ನೇ ಶತಮಾನ ರೆಂಬ್ರಾಂಟನನ್ನು ಉತ್ತರಕ್ಕೂ ರೂಬೆನ್ಸ್‌ನನ್ನು ದಕ್ಷಿಣಕ್ಕೂ ಹಂಚಿಕೊಟ್ಟಿತು. ನಾವು ಇಂದಿಗೂ ಆ ಪಾಲುಪತ್ರ ಹಿಡಿದುಕೊಂಡೇ ಚಿತ್ರ ನೋಡುತ್ತಿದ್ದೇವೆ.

17ನೇ ಶತಮಾನದ ಸಾಕ್ಷ್ಯ ಬೇರೆಯೇ ಹೇಳುತ್ತದೆ. 1585ರಲ್ಲಿ ಸ್ಪೇನ್ ಆಂಟ್‌ವರ್ಪ್ ನಗರವನ್ನು ಗೆದ್ದು, ಮತ ಬದಲಿಸದ ಪ್ರಾಟೆಸ್ಟೆಂಟರಿಗೆ ಊರು ಬಿಡಲು ನಾಲ್ಕು ವರ್ಷದ ಗಡುವು ಕೊಟ್ಟಿತು. ಊರು ಹತ್ತಿರಹತ್ತಿರ ಅರ್ಧ ಖಾಲಿಯಾಯಿತು. ಉತ್ತರಕ್ಕೆ ಹೊರಟವರಲ್ಲಿ ನೇಕಾರರಿದ್ದರು, ವ್ಯಾಪಾರಿಗಳಿದ್ದರು, ಚಿತ್ರಕಾರರಿದ್ದರು. ಹಾರ್ಲೆಮ್‌ನ ಹೆಮ್ಮೆಯೆನಿಸಿದ ಫ್ರಾನ್ಸ್ ಹಾಲ್ಸ್ ಹುಟ್ಟಿದ್ದು ಆಂಟ್‌ವರ್ಪ್‌ನಲ್ಲಿ. ಡಚ್ ಹೂವಿನ ಚಿತ್ರಕ್ಕೆ ದಾರಿ ಹಾಕಿದ ಆಂಬ್ರೋಸಿಯಸ್ ಬೋಸ್‌ಖಾರ್ಟ್ ಕೂಡ ಅಲ್ಲಿಯವನೇ. ಅವನು 1618ರ ಸುಮಾರಿಗೆ ಬರೆದ, ಕಿಟಕಿಯಲ್ಲಿಟ್ಟ ಹೂಗುಚ್ಛ ಮಾರಿಟ್ಸ್‌ಹೌಸ್‌ನಲ್ಲಿದೆ. ಬೇರೆಬೇರೆ ಋತುವಿನಲ್ಲಿ ಅರಳುವ ಹೂಗಳನ್ನು ಒಂದೇ ಗಾಜಿನ ಪಾತ್ರೆಗೆ ಸೇರಿಸಿ, ಒಂದರ ಮೇಲೊಂದು ನೆರಳು ಬೀಳದಂತೆ ಕೂರಿಸಿ, ಕೆಳಗೆ ದೂರದ ಸಮುದ್ರದ ಚಿಪ್ಪುಗಳನ್ನು ಇಟ್ಟಿದ್ದಾನೆ. ಇನ್ನೂ ಚೆನ್ನಾದ ಸಾಕ್ಷಿ ಕ್ಲಾರಾ ಪೇಟರ್ಸ್. 2012ರಲ್ಲಿ ಮ್ಯೂಸಿಯಂ ಕೊಂಡ ಅವಳ ಸ್ಟಿಲ್ ಲೈಫ್‌ನಲ್ಲಿ ಕತ್ತರಿಸಿದ ಚೀಸ್‌ನ ದೊಡ್ಡ ಗಡ್ಡೆಗಳು ಒಂದರ ಮೇಲೊಂದು ಕೂತಿವೆ, ಮೇಲೆ ಚೀನಾದ ಪಿಂಗಾಣಿ ತಟ್ಟೆಯಲ್ಲಿ ಬೆಣ್ಣೆಯ ಸುರುಳಿ, ಮುಂದೆ ಬಾದಾಮಿ, ಒಣದ್ರಾಕ್ಷಿ, ಹೆಣೆದ ಬಿಸ್ಕತ್ತು. ಚೀಸ್‌ನ ಕತ್ತರಿಸಿದ ಮೈಯಲ್ಲಿ ಚಾಕು ಎಳೆದ ಗೀರು, ಉದುರಿದ ಚೂರು, ಅಂಚು ಒಣಗಿ ಬಣ್ಣ ಕೂಡಿದ ಪರಿ ಎಲ್ಲ ಕಾಣುತ್ತವೆ. ಬೆಳ್ಳಿ ಚಾಕುವಿನ ಹಿಡಿಯ ಅಂಚಿನಲ್ಲಿ ಅವಳ ಹೆಸರು ಕೆತ್ತಿದಂತೆ ಬರೆದಿದೆ. ಜಾಡಿಯ ತವರದ ಮುಚ್ಚಳದ ಹೊಳಪಿನಲ್ಲಿ ಬಿಳಿ ಟೋಪಿ ಹಾಕಿದ ಅವಳ ಮುಖ ಕಡಲೆ ಗಾತ್ರದಲ್ಲಿ ಮೂಡಿದೆ. ನೂರು ಜನಕ್ಕೆ ಈ ಚಿತ್ರ ತೋರಿಸಿದರೆ ತೊಂಬತ್ತು ಜನ ಡಚ್ ಎಂದೇ ಹೇಳಿಯಾರು, ಚೀಸ್ ಇದೆಯಲ್ಲ! ಬರೆದವಳು ಆಂಟ್‌ವರ್ಪ್‌ನವಳು. ಡಚ್ ಎಂದು ನಾವು ಕರೆಯುವ ನೋಟದ ಕ್ರಮ, ವಸ್ತುವಿನ ಮೈಯನ್ನು ಹೀಗೆ ಮುಟ್ಟಿ ನೋಡುವಂತೆ ಬರೆಯುವ ಶಿಸ್ತು, ದಕ್ಷಿಣದಲ್ಲಿ ಮೊದಲೇ ಪಳಗಿತ್ತು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಇದಕ್ಕೆ ಬಲವಾದ ಎದುರುವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1600ರ ನಂತರ ಎರಡೂ ಕಡೆಯ ಚಿತ್ರಕಲೆಯ ಸಂತೆಯೇ ಬೇರೆಯಾಯಿತು ಎನ್ನುತ್ತಾರೆ. ದಕ್ಷಿಣದಲ್ಲಿ ಕ್ಯಾಥೊಲಿಕ್ ಚರ್ಚು ಮತ್ತು ಆಸ್ಥಾನ ಚಿತ್ರ ಬರೆಸುತ್ತಿದ್ದವು. ಉತ್ತರದ ಕ್ಯಾಲ್ವಿನ್‌ಪಂಥದ ಚರ್ಚಿನ ಗೋಡೆ ಬಿಳಿ ಸುಣ್ಣ ಬಳಿದುಕೊಂಡು ಕೂತಿತು, ಚಿತ್ರಕಾರ ಬಡಗಿಯ ಹಾಗೆ ಪೇಟೆಗೆ ಮಾಲು ಮಾಡಬೇಕಾಯಿತು. ಅಲ್ಲಿ ಬೃಹತ್ ಬಲಿಪೀಠದ ಚಿತ್ರ, ಇಲ್ಲಿ ಪಡಸಾಲೆಯ ಚಿತ್ರ. ಸ್ಥೂಲವಾಗಿ ಇದು ನಿಜ. ಆದರೆ ಮಾರಿಟ್ಸ್‌ಹೌಸ್‌ನ ಫ್ಲೆಮಿಶ್ ಚಿತ್ರಗಳನ್ನು ಗಮನಿಸಿ. ರೂಬೆನ್ಸ್ ಆಂಟ್‌ವರ್ಪ್ ಕೆಥೆಡ್ರಲ್ಲಿಗೆ ಬರೆದ ಮೇರಿಯ ಸ್ವರ್ಗಾರೋಹಣದ ದೊಡ್ಡ ಚಿತ್ರ ಇಲ್ಲಿ ಇರಲಾರದು, ಅದಕ್ಕಾಗಿ ಮಾಡಿದ ಚಿಕ್ಕ ಮಾದರಿ ಇದೆ. ಅವನದೇ 'ಮುದುಕಿ ಮತ್ತು ಹುಡುಗ' 1616ರ ಆಸುಪಾಸಿನದು. ಮುದುಕಿ ಮೇಣದಬತ್ತಿಯ ಉರಿಗೆ ಕೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿನಲ್ಲಿ ಬೆಳಕು ಕೆಂಪಗೆ ಸೋರಿದೆ, ಹುಡುಗ ತನ್ನ ಬತ್ತಿಗೂ ಕಿಡಿ ಬೇಕೆಂದು ಕಾದು ನಿಂತಿದ್ದಾನೆ. ಇದನ್ನು ಯಾರೂ ಬರೆಸಿದ್ದಲ್ಲ. ರೂಬೆನ್ಸ್ ತನಗಾಗಿ ಬರೆದು ಸಾಯುವವರೆಗೂ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಮನೆಯ ಅಳತೆ ತಾನಾಗಿಯೇ ಫ್ಲೆಮಿಶ್ ಕಲೆಯೊಳಗಿನ ಖಾಸಗಿ ಭಾಗವನ್ನು ಆರಿಸಿಕೊಂಡಿದೆ. ಈ ಗೋಡೆಗಳ ಮಟ್ಟಿಗಾದರೂ ಎರಡು ಸಂತೆಯ ವಾದ ಸಡಿಲವಾಗುತ್ತದೆ. ಡಚ್ ಮತ್ತು ಫ್ಲೆಮಿಶ್ ಒಂದೇ ಮನೆತನವೆಂದು ತೋರಿಸಲು ಯುರೋಪಿನಲ್ಲಿ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಹಾಗಿದ್ದೂ ಜೋಡಿಸಿ ನೋಡುವ ಅವಕಾಶವನ್ನು ಪ್ರಸಿದ್ಧಿಯ ಲೆಕ್ಕಾಚಾರ ತಿಂದುಹಾಕುತ್ತದೆ.

ಆ ಪ್ರಸಿದ್ಧ ಹುಡುಗಿಯನ್ನೇ ತೆಗೆದುಕೊಳ್ಳಿ. ಅದು ಯಾರ ಭಾವಚಿತ್ರವೂ ಅಲ್ಲ, ಡಚ್ಚರು ಟ್ರೋನಿ ಎಂದು ಕರೆಯುತ್ತಿದ್ದ ಬಗೆಯದು. ಒಂದು ಮುಖ, ಒಂದು ಭಾವ, ವಿಶೇಷ ಉಡುಪು, ಹೆಸರಿಲ್ಲ. ಈ ಬಗೆಯ ಬೇರು ಆಂಟ್‌ವರ್ಪ್‌ನ ಕಾರ್ಯಾಗಾರಗಳಲ್ಲಿ ದೊಡ್ಡ ಚಿತ್ರಗಳಿಗಾಗಿ ಮುಖಗಳನ್ನು ಬಿಡಿಯಾಗಿ ಅಭ್ಯಾಸ ಮಾಡಿಟ್ಟುಕೊಳ್ಳುತ್ತಿದ್ದ ರೂಢಿಯಲ್ಲಿದೆ. ಫ್ರಾನ್ಸ್ ಫ್ಲೋರಿಸ್ ಅದನ್ನು 16ನೇ ಶತಮಾನದಲ್ಲೇ ನಡೆಸಿಕೊಂಡು ಬಂದಿದ್ದ, ರೂಬೆನ್ಸ್ ಮತ್ತು ವಾನ್ ಡೈಕ್ ಮುಂದುವರಿಸಿದರು. ಉತ್ತರದಲ್ಲಿ ಆ ಅಭ್ಯಾಸದ ಮುಖವೇ ಮಾರಾಟದ ಚಿತ್ರವಾಯಿತು. ರೂಬೆನ್ಸ್‌ನ ಮುದುಕಿ ಮತ್ತು ವರ್ಮೀರ್‌ನ ಹುಡುಗಿ ಅಕ್ಕಪಕ್ಕ ಇದ್ದರೆ ಕತ್ತಲೆಯಿಂದ ಮುಖವೊಂದನ್ನು ಬೆಳಕಿಗೆ ತರುವ ಎರಡು ದಾರಿ ಕಣ್ಣೆದುರು ನಿಲ್ಲುತ್ತವೆ. ಇಲ್ಲಿ ಒಂದು ಎಚ್ಚರವೂ ಬೇಕು. 2018ರಲ್ಲಿ ಮ್ಯೂಸಿಯಂ ನಡೆಸಿದ ವೈಜ್ಞಾನಿಕ ಪರಿಶೀಲನೆ, ಹುಡುಗಿಯ ಹಿಂದೆ ಇದ್ದದ್ದು ಬರಿಯ ಕತ್ತಲೆಯಲ್ಲ, ಮಡಿಕೆಬಿದ್ದ ಹಸಿರು ಪರದೆ ಎಂದು ತೋರಿಸಿತು. ಬಣ್ಣ ಮಾಸಿ ಅದು ಕಪ್ಪಾಗಿದೆ. ಆದ್ದರಿಂದ ಹೋಲಿಕೆ ಪೂರ್ತಿ ಸರಾಗವಲ್ಲ. ಸರಾಗವಲ್ಲದ ಹೋಲಿಕೆಯೇ ಹೆಚ್ಚು ಕಲಿಸುತ್ತದೆ. ಅಂದಹಾಗೆ ಈ ಹುಡುಗಿಯ ಕೀರ್ತಿ ಅಷ್ಟು ಹಳೆಯದಲ್ಲ. 1828ರಲ್ಲಿ ರೆಂಬ್ರಾಂಟನ 'ಡಾಕ್ಟರ್ ತುಲ್ಪ್‌ನ ಅಂಗಚ್ಛೇದನ ಪಾಠ'ಕ್ಕೆ ರಾಜ 32,000 ಗಿಲ್ಡರ್ ತೆತ್ತ. 1881ರ ಹರಾಜಿನಲ್ಲಿ ಹುಡುಗಿಗೆ ಸಿಕ್ಕಿದ್ದು ಶುಲ್ಕವೂ ಸೇರಿ ಎರಡು ಗಿಲ್ಡರ್ ಮೂವತ್ತು ಸೆಂಟ್. ಯಾವುದು ಮುಖ್ಯ, ಯಾವುದು ಬದಿಯದು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ, ಇನ್ನೂ ಬದಲಾಗಬಹುದು.

ಉತ್ತರ, ದಕ್ಷಿಣ ಎಂಬ ಹಂಚಿಕೆಯಿಲ್ಲದೆ ನೋಡುವ ಕ್ರಮ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೊಳದ ಇನ್ನೊಂದು ಬದಿಗೆ ಆರೆಂಜ್ ಮನೆತನದ ಐದನೇ ವಿಲ್ಲೆಮ್ 1774ರಲ್ಲಿ ತೆರೆದ ಗ್ಯಾಲರಿ ಇದೆ, ಅದನ್ನೂ ಮಾರಿಟ್ಸ್‌ಹೌಸೇ ನೋಡಿಕೊಳ್ಳುತ್ತದೆ. ಅಲ್ಲಿ ಚಿತ್ರಗಳನ್ನು ನೆಲದಿಂದ ಚಾವಣಿಯವರೆಗೆ, ಚೌಕಟ್ಟಿಗೆ ಚೌಕಟ್ಟು ತಾಗಿಸಿ, ಆ ಕಾಲದ ರೀತಿಯಲ್ಲೇ ತೂಗುಹಾಕಿದ್ದಾರೆ. ಉತ್ತರದವರು, ದಕ್ಷಿಣದವರು ಎಲ್ಲ ಸೇರಿ ಗದ್ದಲದ ಗೋಡೆ. ಅಷ್ಟು ಎತ್ತರದ ಚಿತ್ರ ಸರಿಯಾಗಿ ಕಾಣುವುದಿಲ್ಲ, ಅದು ಸುಳ್ಳಲ್ಲ. ಆದರೆ ಹೋಲಿಸಿ ಮಾತಾಡುವುದೇ ನೋಡುವುದು ಎಂದು ನಂಬಿದ್ದ ಕಾಲವದು. ಆ ನಂಬಿಕೆಗೆ ಅತ್ಯುತ್ತಮ ಕೃತಿ ಮಾರಿಟ್ಸ್‌ಹೌಸ್‌ನಲ್ಲಿಯೇ ಇದೆ, 1615ರ ಸುಮಾರಿನ 'ಈಡನ್ ತೋಟ'. ಒಂದೇ ಹಲಗೆಯ ಮೇಲೆ ರೂಬೆನ್ಸ್ ಆದಾಮ, ಹವ್ವ, ಮರ, ಹಾವು ಮತ್ತು ಕುದುರೆಯನ್ನು ಬರೆದ, ಉಳಿದ ಪ್ರಾಣಿ, ಪಕ್ಷಿ, ಗಿಡ, ನೀರು ಎಲ್ಲ ಯಾನ್ ಬ್ರೂಗೆಲ್‌ನದು. ಇಬ್ಬರ ರುಜುವೂ ಇದೆ, ಆಕೃತಿಗಳು ತನ್ನವೆಂದು ಒಬ್ಬ ಸ್ಪಷ್ಟವಾಗಿ ಬರೆದುಕೊಂಡಿದ್ದಾನೆ. ಕೊಂಬೆಯ ಮೇಲಿನ ಗಿಳಿಗಳು ಅಮೆರಿಕ ಖಂಡದವು. ಬ್ರಸೆಲ್ಸ್‌ನ ಆಸ್ಥಾನದ ಪ್ರಾಣಿಸಂಗ್ರಹದಲ್ಲಿ ಬ್ರೂಗೆಲ್ ಇಂಥವನ್ನು ಕಣ್ಣಾರೆ ನೋಡಿ ಬರೆಯುತ್ತಿದ್ದ. ಅಂದರೆ ಸ್ವರ್ಗದ ತೋಟದೊಳಗೂ ಆಗಲೇ ಹಡಗು ತಂದ ಸರಕು ಇತ್ತು. ನನ್ನ ಎರಡನೆಯ ತಕರಾರಿಗೆ ಇದೇ ಬಾಗಿಲು.

ಬ್ರೆಜಿಲ್‌ಗೆ ಮಾರಿಟ್ಸ್ ಜೊತೆಗೆ ಹೋದ ಚಿತ್ರಕಾರರಲ್ಲಿ ಫ್ರಾನ್ಸ್ ಪೋಸ್ಟ್ ಒಬ್ಬ, ಮನೆಯ ಮೇಲ್ವಿಚಾರಕ ಪೀಟರ್‌ನ ತಮ್ಮ. ಅಲ್ಲಿ ಅವನು 1637ರಲ್ಲಿ ಬರೆದ 'ಇಟಾಮರಕಾ ದ್ವೀಪದ ನೋಟ' ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನ ಆಸ್ತಿ, ಎರವಲಾಗಿ ಮಾರಿಟ್ಸ್‌ಹೌಸ್‌ನಲ್ಲಿದೆ. ತಣ್ಣನೆಯ ಚಿತ್ರ. ತಗ್ಗಿದ ದಿಗಂತ, ಬೂದು ನೀರು, ಆಚೆ ದ್ವೀಪ. ಹಾರ್ಲೆಮ್‌ನ ಆಕಾಶವನ್ನೇ ಸಮಭಾಜಕದ ಹತ್ತಿರಕ್ಕೆ ಹೊತ್ತು ಹೋದಂತಿದೆ. ಮುಂದಿನ ದಂಡೆಯಲ್ಲಿ ಇಬ್ಬರು ಪೋರ್ಚುಗೀಸರು, ಅವರ ಕುದುರೆಗಳು, ಇಬ್ಬರು ಆಫ್ರಿಕನ್ ಗುಲಾಮರು, ಒಬ್ಬನ ತಲೆಯ ಮೇಲೆ ಬುಟ್ಟಿ. ಪ್ರವಾಸಿಯ ನೋಟದಲ್ಲಿ ಇವರು ಗಾತ್ರ ತೋರಿಸಲು ಇಟ್ಟ ಚಿಕ್ಕ ಆಕೃತಿಗಳು. ಮನೆಯ ಇತಿಹಾಸ ಗೊತ್ತಿದ್ದವರಿಗೆ ಇಡೀ ಚಿತ್ರ ಅವರ ಸುತ್ತಲೇ ತಿರುಗುತ್ತದೆ. ಕಬ್ಬಿನ ಗಾಣಕ್ಕೆ ಆಳು ಬೇಕೆಂದು ಮಾರಿಟ್ಸ್ ಅದೇ ವರ್ಷ ಪಶ್ಚಿಮ ಆಫ್ರಿಕಾದ ಎಲ್ಮಿನಾ ಕೋಟೆಯನ್ನು ವಶಪಡಿಸಿಕೊಳ್ಳಲು ನೌಕೆಗಳನ್ನು ಕಳಿಸಿದ. ಅವನ ಆಡಳಿತದಲ್ಲಿ 24,000ಕ್ಕೂ ಹೆಚ್ಚು ಆಫ್ರಿಕನ್ನರನ್ನು ಗುಲಾಮರನ್ನಾಗಿ ಬ್ರೆಜಿಲ್‌ಗೆ ಸಾಗಿಸಲಾಯಿತು. ಕಂಪನಿಯ ವ್ಯಾಪಾರವಷ್ಟೇ ಅಲ್ಲ, ಅವನು ಸ್ವಂತಕ್ಕೂ ಗುಲಾಮರ ವ್ಯಾಪಾರ ಮಾಡುತ್ತಿದ್ದನೆಂದು ಇತ್ತೀಚಿನ ಸಂಶೋಧನೆ ತೋರಿಸಿದೆ. ಬ್ರೆಜಿಲ್‌ನ ಜನರನ್ನೂ ಹಣ್ಣುಹಂಪಲನ್ನೂ ಬರೆದ ಆಲ್ಬರ್ಟ್ ಎಕ್‌ಹೌಟ್‌ನ ದೊಡ್ಡ ಚಿತ್ರಗಳನ್ನು 1654ರಲ್ಲಿ ಮಾರಿಟ್ಸ್ ಡೆನ್ಮಾರ್ಕ್ ರಾಜನಿಗೆ ಉಡುಗೊರೆ ಕೊಟ್ಟ, ಅವು ಈಗ ಕೋಪನ್‌ಹೇಗನ್‌ನಲ್ಲಿವೆ. ಪೋಸ್ಟ್‌ನ ಕೆಲವು ಚಿತ್ರಗಳು 1679ರಲ್ಲಿ ಹದಿನಾಲ್ಕನೇ ಲೂಯಿಗೆ ಹೋದವು. ಉಳಿದದ್ದನ್ನು 1704ರ ಬೆಂಕಿ ತಿಂದಿತು. ಹೀಗೆ ಮನೆ ತನ್ನ ಹಣದ ಮೂಲದ ಚಿತ್ರಗಳನ್ನೆಲ್ಲ ಕಳೆದುಕೊಂಡು, ಬಿಳಿ ಗೋಡೆಯ ಮೇಲಿನ ಹಕ್ಕಿ, ವರ್ಮೀರ್ ಬರೆದ ಡೆಲ್ಫ್ಟ್‌ನ ನೀರು, ಹಾಲ್ಸ್‌ನ ನಗುವ ಹುಡುಗನ ಮನೆಯಾಯಿತು.

ಮ್ಯೂಸಿಯಂ ಇದನ್ನು ಅರಿಯದೆ ಇಲ್ಲ. ಹಜಾರದಲ್ಲಿದ್ದ ಮಾರಿಟ್ಸ್‌ನ ಎದೆಮಟ್ಟದ ಪ್ರತಿಮೆಯ ಪ್ರತಿಕೃತಿಯನ್ನು 2017ರಲ್ಲಿ ತೆಗೆದಾಗ, ಇತಿಹಾಸವನ್ನು ಅಳಿಸುತ್ತಿದ್ದಾರೆಂದು ರಾಜಕಾರಣಿಗಳೂ ಸೇರಿ ಹಲವರು ಕೂಗೆಬ್ಬಿಸಿದರು. ತೆಗೆದದ್ದು ಮೂಲಶಿಲ್ಪವೇನಲ್ಲ, ಅಚ್ಚು ತೆಗೆದ ನಕಲು. ಅದನ್ನು ಎತ್ತಿಟ್ಟರೆ ಇತಿಹಾಸ ಅಳಿಯುತ್ತದೆ ಎನ್ನುವವರ ಇತಿಹಾಸ ಬಹಳ ತೆಳುವಾದದ್ದಿರಬೇಕು. 2019ರಲ್ಲಿ ಮ್ಯೂಸಿಯಂ ಮಾರಿಟ್ಸ್‌ನನ್ನೇ ವಿಷಯವಾಗಿಟ್ಟು ಪ್ರದರ್ಶನ ನಡೆಸಿತು, ಬೇರೆಬೇರೆ ಹಿನ್ನೆಲೆಯವರು ಒಂದೇ ಚಿತ್ರಕ್ಕೆ ಬರೆದ ಭಿನ್ನ ಟಿಪ್ಪಣಿಗಳನ್ನು ಅಕ್ಕಪಕ್ಕ ಹಾಕಿತು. ಆ ಕಥೆಗೆ ಈಗ ಮನೆಯೊಳಗೆ ಪ್ರತ್ಯೇಕ ಜಾಗವಿದೆ. ನನ್ನ ಅಸಮಾಧಾನ ಇರುವುದು ಈ 'ಪ್ರತ್ಯೇಕ'ದ ಬಗ್ಗೆಯೇ. ಒಂದು ಕೋಣೆಯಲ್ಲಿ ಸಕ್ಕರೆ, ಉಳಿದ ಕೋಣೆಗಳಲ್ಲಿ ಸೌಂದರ್ಯ ಎಂದಾದರೆ ಆ ಒಂದು ಕೋಣೆ ತಪ್ಪೊಪ್ಪಿಗೆಯ ಗೂಡಾಗುತ್ತದೆ. ಅಲ್ಲಿಗೆ ಹೋಗಿ ಬಂದವರು ಮಿಕ್ಕ ಕೋಣೆಗಳನ್ನು ನಿಶ್ಚಿಂತೆಯಿಂದ ನೋಡಬಹುದು. (2014ರಲ್ಲಿ ಎದುರಿನ ಕಟ್ಟಡ ತೈಲ ಕಂಪನಿ ಶೆಲ್‌ನ ಹೆಸರು ಹೊತ್ತು ತೆರೆಯಿತೆಂಬುದನ್ನೂ, 2018ರಲ್ಲಿ ಆ ಪಾಲುದಾರಿಕೆ ಮುಗಿಯಿತೆಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮನೆ ಯಾರ ಹಣದಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಹಳೆಯ ಕಾಲದ್ದಷ್ಟೇ ಅಲ್ಲ.)

ಇದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದು. ವರ್ಮೀರ್‌ಗೂ ಮಾರಿಟ್ಸ್‌ಗೂ ಏನು ಸಂಬಂಧ? ಮಾಲೀಕನ ಪಾಪವನ್ನು, ಅವನು ಸತ್ತು ನೂರನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ ಬಂದು ಸೇರಿದ ಚಿತ್ರಗಳ ತಲೆಗೆ ಕಟ್ಟುವುದು ಎಲ್ಲಿಯ ನ್ಯಾಯ? ನ್ಯಾಯವಲ್ಲ, ಒಪ್ಪುತ್ತೇನೆ. ಚಿತ್ರಕಾರರು ಅಪರಾಧಿಗಳೆಂದು ಹೇಳುತ್ತಿಲ್ಲ. ಆದರೆ ಮನೆಗೂ ಚಿತ್ರಕ್ಕೂ ಸಂಬಂಧವಿಲ್ಲ ಎನ್ನುವವರು, ಮನೆ ಮತ್ತು ಚಿತ್ರ ಹೇಳಿ ಮಾಡಿಸಿದ ಜೋಡಿ ಎಂದು ಮೆಚ್ಚುವುದನ್ನೂ ಬಿಡಬೇಕಾಗುತ್ತದೆ. ಹೊಂದಿಕೆಯ ಶೋಭೆ ಬೇಕು, ಹೊಂದಿಕೆಯ ಹೊಣೆ ಬೇಡ ಎಂದರೆ ನಡೆಯದು. ಮೇಲಾಗಿ ಚಿತ್ರಗಳೇ ಈ ಜಗತ್ತಿನಿಂದ ಹೊರಗಿಲ್ಲ. ಮುತ್ತಿನೋಲೆಯ ಹುಡುಗಿಯ ತಲೆವಸ್ತ್ರದ ನೀಲಿ ಈಗಿನ ಅಫ್ಘಾನಿಸ್ತಾನದ ಗಣಿಯ ಕಲ್ಲಿನಿಂದ ಬಂದದ್ದು, ತುಟಿಯ ಕೆಂಪು ಅಮೆರಿಕದ ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ಬಂದದ್ದು. ರೆಂಬ್ರಾಂಟ್ 1661ರಲ್ಲಿ ಬರೆದ ಇಬ್ಬರು ಆಫ್ರಿಕನ್ನರ ಚಿತ್ರ ಇದೇ ಮನೆಯಲ್ಲಿದೆ. ಬಳಸಿದ ಬಣ್ಣ ಬಹಳ ಕಡಿಮೆ, ಮಣ್ಣಿನ ಛಾಯೆಗಳಷ್ಟೇ. ಹಿಂದಿನವನು ಮುಂದಿನವನ ಹೆಗಲ ಕಡೆಗೆ ಬಾಗಿದ್ದಾನೆ, ಕಣ್ಣಿನಲ್ಲಿ ದಣಿವಿದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೆಂಬ್ರಾಂಟನ ಮನೆಯ ಆಸುಪಾಸು ಆಫ್ರಿಕನ್ನರು ವಾಸವಿದ್ದರು. ಇವರು ಕಲ್ಪನೆಯ ಮುಖಗಳಲ್ಲ, ಎದುರು ಕೂತವರು. ಪೋಸ್ಟ್‌ನ ದಂಡೆಯಲ್ಲಿ ಬುಟ್ಟಿ ಹೊತ್ತವನಿಗೆ ಸಿಗದ ಮುಖ ಇಲ್ಲಿ ಸಿಕ್ಕಿದೆ. ಈ ಎರಡು ಚಿತ್ರಗಳನ್ನು ಎದುರುಬದುರು ಇಟ್ಟರೆ ಉದ್ದನೆಯ ಫಲಕ ಬರೆಯುವ ಅಗತ್ಯವೇ ಬೀಳದು.

ಎರಡನೆಯ ಆಕ್ಷೇಪ ರಸಿಕರದು. ಚಿತ್ರ ನೋಡಲು ಬಂದವರಿಗೆ ಪಾಠ ಹೇಳಬೇಡಿ, ಫಲಕ ಓದಿಸಿ ಕಣ್ಣು ಕೆಡಿಸಬೇಡಿ ಎನ್ನುತ್ತಾರೆ. ಇದರಲ್ಲಿ ಅರ್ಧ ನನಗೂ ಒಪ್ಪಿಗೆ. ಇತ್ತೀಚಿನ ಎಷ್ಟೋ ಮ್ಯೂಸಿಯಂಗಳಲ್ಲಿ ಚಿತ್ರಕ್ಕಿಂತ ಪಶ್ಚಾತ್ತಾಪದ ಫಲಕವೇ ದೊಡ್ಡದಾಗಿದೆ. ಆದರೆ ನಾನು ಕೇಳುತ್ತಿರುವುದು ಹೆಚ್ಚು ಮಾತನ್ನಲ್ಲ, ಬೇರೆ ಜೋಡಣೆಯನ್ನು. ತೂಗುಹಾಕುವುದೇ ಒಂದು ವಾದ. ಈಗಿನ ಜೋಡಣೆಯೂ ಮೌನವಾಗಿ ಒಂದು ವಾದ ಮಾಡುತ್ತಲೇ ಇದೆ, ಅದು ಹಿತವಾಗಿರುವುದರಿಂದ ನಮಗೆ ವಾದವೆನಿಸುವುದಿಲ್ಲ ಅಷ್ಟೆ. ಮನೆಯನ್ನು ಕೆಡವಿ ಬಿಳಿ ಡಬ್ಬದಂಥ ಗ್ಯಾಲರಿ ಕಟ್ಟಿ ಎಂದೂ ನಾನು ಹೇಳುವುದಿಲ್ಲ. ಫಾಬ್ರಿಟಿಯಸ್‌ನ ಹಕ್ಕಿಗೆ ಇಂಥ ಕೋಣೆ ಬೇಕು.

ಮನೆ ಹೀಗೇ ಇರಲಿ, ಆದರೆ ಮನೆಯನ್ನೂ ಚಿತ್ರಗಳನ್ನೂ ಜೋಡಿಸಿದ ಹೊಲಿಗೆ ಕಾಣಲಿ. ಹೊಲಿಗೆ ಕಾಣಿಸುವ ಕಲೆ ಈ ಮ್ಯೂಸಿಯಂಗೆ ಹೊಸದೇನಲ್ಲ. ಹಿಂದಿನ ನಿರ್ದೇಶಕ ಬ್ರೆಡಿಯಸ್ 1898ರಲ್ಲಿ ಕೊಂಡು, ಮುಂದೆ ಮ್ಯೂಸಿಯಂಗೆ ಬಿಟ್ಟುಹೋದ 'ಸೌಲ್ ಮತ್ತು ದಾವೀದ' ರೆಂಬ್ರಾಂಟನದೇ ಅಲ್ಲ ಎಂದು 1969ರಲ್ಲಿ ವಿದ್ವಾಂಸರೊಬ್ಬರು ತಳ್ಳಿಹಾಕಿದ್ದರು. ವರ್ಷಗಟ್ಟಲೆ ನಡೆದ ಪರಿಶೀಲನೆ ಮತ್ತು ದುರಸ್ತಿಯ ನಂತರ 2015ರಲ್ಲಿ ಮ್ಯೂಸಿಯಂ ಅದನ್ನು ಮತ್ತೆ ರೆಂಬ್ರಾಂಟನದೆಂದು ಜನರ ಮುಂದಿಟ್ಟಿತು. ಆಗ ಬಯಲಾದ ಸಂಗತಿ ಸ್ವಾರಸ್ಯದ್ದು. 19ನೇ ಶತಮಾನದಲ್ಲಿ ಯಾರೋ ರಾಜನನ್ನೂ ಕಿನ್ನರಿ ನುಡಿಸುವ ಹುಡುಗನನ್ನೂ ಬೇರೆಬೇರೆ ಮಾಡಿ ಕತ್ತರಿಸಿದ್ದರು, ಆಮೇಲೆ ಮತ್ತೆ ಜೋಡಿಸಿದ್ದರು. ಕ್ಯಾನ್ವಾಸ್ ಒಟ್ಟು ಹದಿನೈದು ತುಂಡುಗಳ ತೇಪೆ. ಕಳೆದುಹೋದ ಮೇಲಿನ ಮೂಲೆಗೆ ಹಾಕಿದ್ದ ತೇಪೆಯಂತೂ ಫ್ಲೆಮಿಶ್ ಚಿತ್ರಕಾರ ವಾನ್ ಡೈಕ್‌ನ ಭಾವಚಿತ್ರವೊಂದರ ಹಳೆಯ ನಕಲಿನದು! ಮ್ಯೂಸಿಯಂ ಈ ಕತ್ತರಿ, ಹೊಲಿಗೆ, ತೇಪೆಗಳನ್ನು ಮುಚ್ಚಿಡಲಿಲ್ಲ. ಅವುಗಳ ಸುತ್ತಲೇ ಇಡೀ ಪ್ರದರ್ಶನ ಕಟ್ಟಿತು, ಯಾವ ತುಂಡು ಎಲ್ಲಿಂದ ಬಂತೆಂದು ನಕ್ಷೆ ಬಿಡಿಸಿ ತೋರಿಸಿತು. ಅದರಿಂದ ಚಿತ್ರದ ಘನತೆ ಕುಗ್ಗಲಿಲ್ಲ. ಪರದೆಯಲ್ಲಿ ಕಣ್ಣೊರೆಸಿಕೊಳ್ಳುವ ಸೌಲ್ ರಾಜನ ಮುಂದೆ ಜನ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲಲು ಕಾರಣ ಸಿಕ್ಕಿತು. ಕ್ಯಾನ್ವಾಸಿಗೆ ಸಿಕ್ಕಿದ ಈ ಪ್ರಾಮಾಣಿಕತೆ ಕೋಣೆಗಳಿಗೂ ಸಿಗಬೇಕು. ಪೇಟರ್ಸ್‌ಳ ಚೀಸ್ ಡಚ್ ಮೇಜುಗಳ ನಡುವೆ ಬರಲಿ, ಮುದುಕಿಯ ಮೇಣದಬತ್ತಿ ಹುಡುಗಿಯ ಗೋಡೆಗೆ ಬರಲಿ, ಪೋಸ್ಟ್‌ನ ದ್ವೀಪ ತನ್ನ ಗೂಡಿನಿಂದ ಹೊರಬಿದ್ದು ವರ್ಮೀರ್‌ನ 'ಡೆಲ್ಫ್ಟ್‌ನ ನೋಟ' ಇರುವ ಕೋಣೆಗೆ ಬರಲಿ. ಎರಡರಲ್ಲೂ ನೀರು, ಆಚೆ ದಡ, ಈಚೆ ದಂಡೆಯ ಮೇಲೆ ಕೆಲವು ಜನ. ಇದಕ್ಕೆ ಇನ್ನೊಂದು ನವೀಕರಣ ಬೇಕಿಲ್ಲ, ಕೆಲವು ಮೊಳೆಗಳನ್ನು ಕಿತ್ತು ಬೇರೆ ಕಡೆ ಹೊಡೆದರೆ ಸಾಕು.